ಮಿದುಳಿನ ಸ್ಕ್ಯಾನ್ ಸಂಶೋಧನೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ‘ಮಿದುಳಿನ ಇಂಥ ಭಾಗ ಹೊಳೆಯಿತು, ಆದ್ದರಿಂದ ಮನುಷ್ಯ ಹೀಗೆ’ ಎಂದು ಪೇಪರಿನಲ್ಲಿ ಬರುವ ಸುದ್ದಿಗಳನ್ನು ನಂಬಬಹುದೇ ಎನ್ನುವುದು ಮೊದಲನೆಯದು. ಆರನೇ ಕ್ಲಾಸಿನ ಮಗನಿಗೆ ಓದು ತಲೆಗೆ ಹತ್ತುತ್ತಿಲ್ಲ, ನಿಮ್ಮ ಏರಿಯಾದ ಕೇಂದ್ರವೊಂದು ‘ಬ್ರೈನ್ ಮ್ಯಾಪಿಂಗ್’ ಮಾಡಿ ಕಾರಣ ಹೇಳುತ್ತೇವೆ ಅನ್ನುತ್ತಿದೆ, ದುಡ್ಡು ಕಟ್ಟಬಹುದೇ ಎನ್ನುವುದು ಎರಡನೆಯದು. ಎರಡನೆಯದಕ್ಕೆ ನನ್ನ ಉತ್ತರ ಇಷ್ಟೆ: ದುಡ್ಡು ಕಟ್ಟಬೇಡಿ. ಯಾಕೆ ಬೇಡ ಅನ್ನುವುದು ಮೊದಲನೆಯದರ ಒಳಗೇ ಇದೆ.

ಪಾರ್ಶ್ವವಾಯು, ಗೆಡ್ಡೆ, ಮೂರ್ಛೆರೋಗ ಎಂದು ನರರೋಗ ತಜ್ಞರು ಬರೆದುಕೊಡುವ ಎಂಆರ್‌ಐ ಬೇರೆ. ಅದು ಮಿದುಳಿನ ರಚನೆಯ ಚಿತ್ರ, ದಶಕಗಳಿಂದ ಪಳಗಿದ ವಿದ್ಯೆ. ಈ ಉತ್ತರ ಓದಿಕೊಂಡು ಅದನ್ನು ತಪ್ಪಿಸಬೇಡಿ. ಜಗಳವಿರುವುದು ಎಫ್‌ಎಂಆರ್‌ಐ ಬಗ್ಗೆ, ಅಂದರೆ ಮಿದುಳು ಕೆಲಸ ಮಾಡುವಾಗ ತೆಗೆಯುವ ಚಿತ್ರಗಳ ಬಗ್ಗೆ.

ಎಫ್‌ಎಂಆರ್‌ಐ ನರಕೋಶಗಳ ಚಟುವಟಿಕೆಯನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಜಾಗದ ನರಕೋಶಗಳು ಚುರುಕಾದಾಗ ಆಮ್ಲಜನಕ ತುಂಬಿದ ರಕ್ತ ಅಲ್ಲಿಗೆ ಹೆಚ್ಚಾಗಿ ಹರಿಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಕಾಂತಗುಣ ಬೇರೆ ಬೇರೆ. ಈ ವ್ಯತ್ಯಾಸ ಸ್ಕ್ಯಾನ್‌ನಲ್ಲಿ ಕಾಣುತ್ತದೆ ಎಂದು 1990ರಲ್ಲಿ ವಿಜ್ಞಾನಿ ಸೈಜಿ ಒಗಾವಾ ತೋರಿಸಿಕೊಟ್ಟರು, ಯಂತ್ರ ಹಿಡಿಯುವ ಸಂಕೇತ ಅದೇ. ಅದು ಏರಿ ತುದಿ ಮುಟ್ಟಲು ಐದಾರು ಸೆಕೆಂಡು ಬೇಕು, ಏರಿಕೆಯೂ ಸಾಮಾನ್ಯವಾಗಿ ಶೇಕಡಾ ಒಂದೆರಡರಷ್ಟು. ನೀರಿನ ಟ್ಯಾಂಕರ್ ಯಾವ ಬೀದಿಗೆ ಹೋಯಿತು ಎಂದು ನೋಡಿ ಆ ಬೀದಿಯಲ್ಲಿ ಏನೋ ನಡೆದಿದೆ ಅನ್ನಬಹುದು. ಮದುವೆಯೋ, ಮನೆ ಕಟ್ಟುತ್ತಿದ್ದಾರೋ, ಬೋರ್‌ವೆಲ್ ಬತ್ತಿತೋ ಎಂದು ಟ್ಯಾಂಕರ್ ಹೇಳುವುದಿಲ್ಲ. ‘ಅಮಿಗ್ಡಲ (ಮಿದುಳಿನ ಒಳಗಿನ ಒಂದು ಚಿಕ್ಕ ಭಾಗ) ಹೊಳೆಯಿತು, ಆದ್ದರಿಂದ ಅವನಿಗೆ ಭಯ’ ಎಂಬ ತರ್ಕದಲ್ಲಿರುವುದು ಇದೇ ತಪ್ಪು. ಅಮಿಗ್ಡಲ ಸಂತೋಷಕ್ಕೂ ಹೊಳೆಯುತ್ತದೆ, ಹೊಸದೇನಾದರೂ ಕಂಡರೂ ಹೊಳೆಯುತ್ತದೆ.

ಇನ್ನು ಆ ಕೆಂಪು ಹಳದಿ ಬಣ್ಣ. ಅದನ್ನು ಯಂತ್ರ ಕೊಡುವುದಿಲ್ಲ, ಸಂಖ್ಯಾಶಾಸ್ತ್ರ ಕೊಡುತ್ತದೆ. ಮಿದುಳನ್ನು ಸುಮಾರು 3 ಮಿಲಿಮೀಟರ್ ಅಂಚಿನ ಘನಗಳಾಗಿ ಕತ್ತರಿಸಿದರೆ 50,000ದ ಆಸುಪಾಸು ತುಣುಕುಗಳಾಗುತ್ತವೆ. ಇವಕ್ಕೆ ವಾಕ್ಸೆಲ್ ಅನ್ನುತ್ತಾರೆ. ಒಂದೊಂದರಲ್ಲೂ ‘ಇಲ್ಲಿ ಬದಲಾವಣೆ ಆಯಿತೇ’ ಎಂದು ಪ್ರತ್ಯೇಕ ಪರೀಕ್ಷೆ. ಸಾವಿರಕ್ಕೆ ಒಂದು ತಪ್ಪಾದರೆ ಪರವಾಗಿಲ್ಲ ಎಂದು ಗೆರೆ ಎಳೆದರೂ, ಏನೂ ನಡೆಯದ ಮಿದುಳಿನಲ್ಲಿ 50 ವಾಕ್ಸೆಲ್ ಸುಮ್ಮಸುಮ್ಮನೆ ಹೊಳೆಯುತ್ತವೆ. ಕ್ರೇಗ್ ಬೆನೆಟ್ ತಂಡ 2009ರಲ್ಲಿ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ‘ಇವರಿಗೆ ಏನನ್ನಿಸುತ್ತಿದೆ’ ಎಂದು ಕೇಳಿ ಇದನ್ನೇ ತೋರಿಸಿತು. ಮೀನಿನ ಮಿದುಳೂ ಹೊಳೆಯಿತು! ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ಗೆರೆಯನ್ನು ಬಿಗಿಗೊಳಿಸಿದ ಕೂಡಲೇ ಬಣ್ಣ ಮಾಯ. ಹಾಗಾಗಿ ಸಂಶೋಧನಾ ಪ್ರಬಂಧ ತೆರೆದರೆ ವಿಧಾನದ ಭಾಗದಲ್ಲಿ ‘ಅನ್‌ಕರೆಕ್ಟೆಡ್’ (ಗೆರೆ ಬಿಗಿಗೊಳಿಸಿಲ್ಲ ಎಂದರ್ಥ) ಎಂಬ ಪದ ಹುಡುಕಿ. ಮುಖ್ಯ ಫಲಿತಾಂಶ ಅದರ ಮೇಲೆ ನಿಂತಿದ್ದರೆ ಮುಂದೆ ಓದುವ ಕಷ್ಟ ಬೇಡ.

ಗೆರೆ ಬಿಗಿಗೊಳಿಸುವುದರಲ್ಲೂ ಸಂಶೋಧಕರು ಎಡವಿದ್ದಾರೆ. ಎಲ್ಲರೂ ಬಳಸುವ ಎಸ್‌ಪಿಎಂ, ಎಫ್‌ಎಸ್‌ಎಲ್, ಎಎಫ್‌ಎನ್‌ಐ ತಂತ್ರಾಂಶಗಳನ್ನು ಎಕ್ಲಂಡ್, ನಿಕೋಲ್ಸ್, ನುಟ್ಸನ್ 2016ರಲ್ಲಿ ಪರೀಕ್ಷೆಗಿಟ್ಟರು. ಸುಮ್ಮನೆ ಮಲಗಿದ್ದ 499 ಆರೋಗ್ಯವಂತರ ಸ್ಕ್ಯಾನ್‌ಗಳು ಅವರ ಸಾಮಗ್ರಿ. ಅಕ್ಕಪಕ್ಕದ ವಾಕ್ಸೆಲ್‌ಗಳನ್ನು ಗುಂಪು ಕಟ್ಟಿ ನೋಡುವ ವಿಧಾನದಲ್ಲಿ ಶೇಕಡಾ 5 ಇರಬೇಕಾದ ಸುಳ್ಳು ಫಲಿತಾಂಶ ಕೆಲವು ಸೆಟ್ಟಿಂಗ್‌ಗಳಲ್ಲಿ ಶೇಕಡಾ 70ರವರೆಗೆ ಹೋಯಿತು. ‘40,000 ಪ್ರಬಂಧ ಸುಳ್ಳು’ ಎಂದು ಆಗ ಸುದ್ದಿ ಹಬ್ಬಿತು. ಅದು ಅತಿಯಾಯಿತು, ನಿಜಕ್ಕೂ ಅನುಮಾನಕ್ಕೆ ಸಿಲುಕುವುದು ಸುಮಾರು 3,500 ಎಂದು ನಿಕೋಲ್ಸ್ ಅವರೇ ಆಮೇಲೆ ಲೆಕ್ಕ ಕೊಟ್ಟರು. ಗುಂಪು ಕಟ್ಟುವ ಮೊದಲ ಗೆರೆ 0.01 (ನೂರಕ್ಕೆ ಒಂದು ತಪ್ಪು) ಇದ್ದಲ್ಲಿ ಎಡವಟ್ಟು ಹೆಚ್ಚು, 0.001 (ಸಾವಿರಕ್ಕೆ ಒಂದು) ಇದ್ದಲ್ಲಿ ಅದಕ್ಕಿಂತ ಕಡಿಮೆ.

ಸ್ಕ್ಯಾನ್ ಮಾಡುವಾಗಿನ ತಲೆ ಅಲುಗಾಟದ ಬಗ್ಗೆ ಪೇಪರಿನವರು ಬರೆಯುವುದೇ ಇಲ್ಲ, ಆದರೆ ನಿಮಗೆ ಮುಖ್ಯವಾಗಿ ಬೇಕಾದದ್ದು ಅದೇ. ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲುಗಿದರೂ ಹತ್ತಿರದ ಭಾಗಗಳ ನಡುವೆ ಸಂಪರ್ಕ ಜಾಸ್ತಿ ಇದ್ದಂತೆ, ದೂರದ ಭಾಗಗಳ ನಡುವೆ ಕಡಿಮೆ ಇದ್ದಂತೆ ಲೆಕ್ಕ ತೋರಿಸುತ್ತದೆ. ಮಕ್ಕಳು ದೊಡ್ಡವರಿಗಿಂತ ಹೆಚ್ಚು ಅಲುಗುತ್ತಾರೆ. ‘ಬೆಳೆಯುತ್ತಾ ಹೋದಂತೆ ದೂರದ ಸಂಪರ್ಕಗಳು ಗಟ್ಟಿಯಾಗುತ್ತವೆ’ ಎಂಬ ಹೆಸರಾಂತ ಶೋಧದ ಒಂದು ಪಾಲು ಬರೀ ಅಲುಗಾಟವಿರಬಹುದು ಎಂದು 2012ರಲ್ಲಿ ಹೇಳಿದವರು ಆ ಶೋಧ ಮಾಡಿದ ಪ್ರಯೋಗಾಲಯದವರೇ. ಈ ಕ್ಷೇತ್ರದ ಮೇಲೆ ನನಗೆ ಗೌರವ ಉಳಿದಿರುವುದು ಇಂಥವರಿಂದ. ಎಷ್ಟು ಅಲುಗಾಟಕ್ಕೆ ಡೇಟಾ ಕೈಬಿಟ್ಟರು ಎಂದು ಬರೆಯದ ಮಕ್ಕಳ ಅಧ್ಯಯನವನ್ನು ಲೆಕ್ಕಕ್ಕೆ ತಗೊಳ್ಳಬೇಡಿ.

‘ಬುದ್ಧಿಮತ್ತೆಗೂ ಮಿದುಳಿನ ಇಂಥ ಭಾಗಕ್ಕೂ ನಂಟು’ ಎಂಬಂಥವಕ್ಕೆ ಜನರ ಸಂಖ್ಯೆಯೇ ಮೊದಲ ಪ್ರಶ್ನೆ. 25 ಜನರ ಅಧ್ಯಯನದಲ್ಲಿ ಸಹಸಂಬಂಧ (0 ಎಂದರೆ ನಂಟಿಲ್ಲ, 1 ಎಂದರೆ ಪೂರ್ತಿ ನಂಟು) 0.4 ಮುಟ್ಟದಿದ್ದರೆ ಸಂಖ್ಯಾಶಾಸ್ತ್ರದ ಸಾಮಾನ್ಯ ಪರೀಕ್ಷೆ ಪಾಸಾಗುವುದಿಲ್ಲ. ಆದರೆ ಸುಮಾರು 50,000 ಜನರ ಡೇಟಾ ಒಟ್ಟುಮಾಡಿ ಮಾರೆಕ್ ತಂಡ 2022ರಲ್ಲಿ ನೋಡಿದಾಗ ಇಂಥ ನಂಟುಗಳ ಮಧ್ಯಮ ಮೌಲ್ಯ 0.01, ಮರುಪರೀಕ್ಷೆಯಲ್ಲೂ ನಿಂತವುಗಳಲ್ಲಿ ಅತಿ ದೊಡ್ಡದು 0.16. ಅಂದರೆ ಚಿಕ್ಕ ಅಧ್ಯಯನದಲ್ಲಿ ಪಾಸಾಗಿ ಅಚ್ಚಾದದ್ದು ನಿಜಕ್ಕಿಂತ ಊದಿಕೊಂಡೇ ಇರಬೇಕು, ಬೇರೆ ದಾರಿಯೇ ಇಲ್ಲ. ನಮ್ಮಲ್ಲಿ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದಲ್ಲಿ 10,000 ಜನರ ಗುರಿ ಇಟ್ಟುಕೊಂಡು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿರುವುದೂ ಸುಮ್ಮನೆ ಅಲ್ಲ.

ಹಾಗಂತ ಎಲ್ಲ ಬೊಗಳೆಯೂ ಅಲ್ಲ. ಬೆರಳು ಆಡಿಸಿ ಎಂದರೆ ಚಲನೆಯನ್ನು ನಿಯಂತ್ರಿಸುವ ಭಾಗ, ಮುಖ ತೋರಿಸಿದರೆ ಮುಖ ಗುರುತಿಸುವ ಭಾಗ ಯಾವ ಲ್ಯಾಬಿನಲ್ಲಾದರೂ ಹೊಳೆಯುತ್ತವೆ. ಗೆಡ್ಡೆ ತೆಗೆಯುವ ಮುನ್ನ ಮಾತಿನ ಜಾಗ ಎಲ್ಲಿದೆ ಎಂದು ಶಸ್ತ್ರವೈದ್ಯರು ಇದರಿಂದಲೇ ಅಂದಾಜು ಮಾಡಿಕೊಳ್ಳುತ್ತಾರೆ. ಆದರೆ ಗುಂಪಿನ ಮಾತು ಒಬ್ಬನಿಗೆ ಅನ್ವಯಿಸುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಜಾಮ್ ಆಗಿರುತ್ತದೆ ಎನ್ನುವುದು ಗ್ಯಾರಂಟಿ, ಅದರಿಂದ ನಿಮ್ಮ ಸಹೋದ್ಯೋಗಿ ಇವತ್ತು ಎಷ್ಟೊತ್ತಿಗೆ ಆಫೀಸು ಸೇರುತ್ತಾರೆ ಎಂದು ಹೇಳಲಾಗದು. ಒಬ್ಬ ವ್ಯಕ್ತಿಗೇ ಎರಡು ಸಲ ಎಫ್‌ಎಂಆರ್‌ಐ ಮಾಡಿದರೆ ಅಳತೆ ಎಷ್ಟು ತಾಳೆಯಾಗುತ್ತದೆ ಎಂಬುದಕ್ಕೆ 0ಯಿಂದ 1ರವರೆಗಿನ ಮಾಪನವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ಎಲಿಯಟ್ ತಂಡದ ವಿಶ್ಲೇಷಣೆಯಲ್ಲಿ ಅದು 0.4ರ ಆಸುಪಾಸು. ಅಷ್ಟು ಓಲಾಡುವ ತಕ್ಕಡಿಯಲ್ಲಿ ಯಾರೂ ಚಿನ್ನ ತೂಗುವುದಿಲ್ಲ.

ಇನ್ನು ನಿಮ್ಮ ಏರಿಯಾದ ಕೇಂದ್ರ. ಯಾವ ಯಂತ್ರ ಎಂದು ಕೇಳಿ. ತಲೆಗೆ ಟೋಪಿ ಹಾಕಿ ವೈರು ಜೋಡಿಸಿದರೆ ಅದು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ಪರೀಕ್ಷೆ, ಮೂರ್ಛೆರೋಗ ಪತ್ತೆಗೆ ಒಳ್ಳೆಯದು, ಓದಿನ ತೊಂದರೆ ಪತ್ತೆಗಲ್ಲ. ಬೆರಳಚ್ಚು ತಗೊಂಡು ಮಿದುಳಿನ ರಿಪೋರ್ಟ್ ಕೊಡುವವರೂ ಇದ್ದಾರೆ, ಅದಕ್ಕೂ ಮಿದುಳಿಗೂ ನಂಟೇ ಇಲ್ಲ. (ಬ್ರೈನ್ ಮ್ಯಾಪಿಂಗ್ ಎಂಬ ಮಾತು ನಮ್ಮೂರಿನವರಿಗೆ ಪರಿಚಯವಾದದ್ದೇ ಮಂಪರು ಪರೀಕ್ಷೆಯ ಸುದ್ದಿಗಳ ಜೊತೆ. ಒಪ್ಪಿಗೆಯಿಲ್ಲದೆ ಯಾರ ಮೇಲೂ ಅವನ್ನು ಮಾಡಕೂಡದು ಎಂದು 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.) ನಿಜವಾದ ಎಂಆರ್‌ಐ ಎಂದರೆ, ಮುಂದಿನ ವಾರ ಮತ್ತೆ ತೆಗೆದರೂ ಇದೇ ರಿಪೋರ್ಟ್ ಬರುತ್ತದೆಯೇ, ಹೋಲಿಸಿದ್ದು ಎಷ್ಟು ಮಕ್ಕಳ ಜೊತೆ, ಅವರ ವಯಸ್ಸೆಷ್ಟು ಎಂದು ಬರವಣಿಗೆಯಲ್ಲಿ ಕೇಳಿ.

ಕಲಿಕೆಯ ತೊಂದರೆ ಪತ್ತೆಯಾಗುವುದು ಸ್ಕ್ಯಾನ್‌ನಿಂದಲ್ಲ. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ ಬುದ್ಧಿಮತ್ತೆ ಪರೀಕ್ಷೆಯ ಜೊತೆಗೆ ನಿಮ್ಹಾನ್ಸ್ ಎಸ್‌ಎಲ್‌ಡಿ ಬ್ಯಾಟರಿ, ಅಂದರೆ ಕಲಿಕೆಯ ತೊಂದರೆ ಪತ್ತೆ ಮಾಡುವ ಪರೀಕ್ಷೆಗಳ ಗುಚ್ಛ ಮಾಡಿಸಿ. ಓದಿಸುತ್ತಾರೆ, ಬರೆಸುತ್ತಾರೆ, ಲೆಕ್ಕ ಮಾಡಿಸುತ್ತಾರೆ. ಮಗನ ಹಳೆಯ ನೋಟ್‌ಬುಕ್ಕುಗಳನ್ನು ಜೊತೆಗೆ ಒಯ್ಯಿರಿ.