ಕೋಡ್ ಪ್ರಶ್ನೋತ್ತರ: ಬಿಎಫ್‌ಡಿ ಲೈಬ್ರರಿಯಲ್ಲಿ ಆಬ್ಜೆಕ್ಟ್ ಫೈಲ್ ತೆರೆಯುವುದು, ಮುಚ್ಚುವುದು

ಗ್ನು ಬಿನ್‌ಯುಟಿಲ್ಸ್‌ನ ಆಬ್ಜ್‌ಡಂಪ್, ಎನ್‌ಎಂ, ಎಲ್‌ಡಿ ಟೂಲ್‌ಗಳೂ ಜಿಡಿಬಿ ಡೀಬಗರ್ ಕೂಡ ಆಬ್ಜೆಕ್ಟ್ ಫೈಲ್ (ಕಂಪೈಲರ್ ಕೊಡುವ ಮಷೀನ್ ಕೋಡ್ ಫೈಲ್) ಓದುವುದು ಬಿಎಫ್‌ಡಿ ಎಂಬ ಸಿ ಲೈಬ್ರರಿಯ ಮೂಲಕ. ಈ ಸಲ ಅದರ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬಂದಿವೆ.

ಪ್ರಶ್ನೆ: ಆಬ್ಜೆಕ್ಟ್ ಫೈಲ್ ಬದಲು ಮಾಮೂಲಿ ಟೆಕ್ಸ್ಟ್ ಫೈಲಿನ ಹೆಸರು ಕೊಟ್ಟರೂ ಬಿಎಫ್‌ಡಿ_ಓಪನ್‌ಆರ್ ನಲ್ ಕೊಡುವುದಿಲ್ಲ. ಸೆಕ್ಷನ್‌ಗಳನ್ನು (ಫೈಲಿನ ಒಳಗಿನ ಕೋಡ್, ಡೇಟಾ ಭಾಗಗಳನ್ನು) ಎಣಿಸಿದರೆ ಸೊನ್ನೆ ಬರುತ್ತದೆ. ಏನು ತಪ್ಪಿದೆ? (ಮೈಸೂರು)

ಉತ್ತರ: ಆ ಫಂಕ್ಷನ್ ಫೈಲಿನ ಒಳಗೆ ಏನಿದೆ ಎಂದು ನೋಡುವುದೇ ಇಲ್ಲ. ಫೈಲ್ ಇಲ್ಲದಿದ್ದರೆ, ಓದಲು ಅನುಮತಿ ಇಲ್ಲದಿದ್ದರೆ, ಮೆಮೊರಿ ಸಾಲದಿದ್ದರೆ ಅಥವಾ ನೀವು ಕೊಟ್ಟ ಟಾರ್ಗೆಟ್ (ಯಾವ ಫಾರ್ಮ್ಯಾಟ್, ಯಾವ ಪ್ರೊಸೆಸರ್ ಎಂಬ) ಹೆಸರು ಅದಕ್ಕೆ ಗೊತ್ತಿಲ್ಲದಿದ್ದರೆ ಮಾತ್ರ ನಲ್ ಬರುತ್ತದೆ. ಒಳಗಿರುವುದು ಲಿನಕ್ಸ್‌ನಲ್ಲಿ ಬಳಸುವ ಇಎಲ್‌ಎಫ್ ಫಾರ್ಮ್ಯಾಟೋ ಬೇರೆಯದೋ ಎಂದು ಗುರುತಿಸುವುದು ಬಿಎಫ್‌ಡಿ_ಚೆಕ್_ಫಾರ್ಮ್ಯಾಟ್. ಎರಡನೇ ಆರ್ಗ್ಯುಮೆಂಟ್ ಆಗಿ ಬಿಎಫ್‌ಡಿ_ಆಬ್ಜೆಕ್ಟ್ ಕೊಟ್ಟು ಅದನ್ನು ಕರೆಯುವವರೆಗೂ ಸೆಕ್ಷನ್ ಪಟ್ಟಿ ತುಂಬುವುದಿಲ್ಲ. ಸರಿಯಾದ ಇಎಲ್‌ಎಫ್ ಫೈಲ್ ಕೊಟ್ಟಿದ್ದರೂ ನಿಮಗೆ ಸೊನ್ನೆಯೇ ಕಾಣುತ್ತಿತ್ತು.

ಟಾರ್ಗೆಟ್ ಜಾಗದಲ್ಲಿ ನಲ್ ಕೊಟ್ಟರೆ ಜಿಎನ್‌ಯುಟಾರ್ಗೆಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡುತ್ತದೆ. ಅದೂ ಇಲ್ಲದಿದ್ದರೆ ಡೀಫಾಲ್ಟ್ ಟಾರ್ಗೆಟ್. ಒಂದೇ ಫೈಲ್ ಎರಡು ಮೂರು ಟಾರ್ಗೆಟ್‌ಗಳಿಗೆ ಹೊಂದಿಕೊಂಡು ಬಿಟ್ಟರೆ ಚೆಕ್ ವಿಫಲವಾಗುತ್ತದೆ. ಆಗ ಬಿಎಫ್‌ಡಿ_ಚೆಕ್_ಫಾರ್ಮ್ಯಾಟ್_ಮ್ಯಾಚಸ್ ಬಳಸಿ. ಹೊಂದುವ ಹೆಸರುಗಳ ಪಟ್ಟಿ ಸಿಗುತ್ತದೆ, ಆ ಪಟ್ಟಿಯನ್ನು ಫ್ರೀ ಮಾಡುವುದು ನಿಮ್ಮ ಕೆಲಸ. ವಿಫಲವಾದ ಕೂಡಲೇ ಬಿಎಫ್‌ಡಿ_ಗೆಟ್_ಎರರ್ ಓದಿಟ್ಟುಕೊಳ್ಳಿ. ನಡುವೆ ಇನ್ನೊಂದು ಬಿಎಫ್‌ಡಿ ಕರೆ ಬಂದರೆ ಮೊದಲಿನ ಕಾರಣ ಅಳಿಸಿಹೋಗಬಹುದು.

ಪ್ರಶ್ನೆ: ಸಿಂಬಲ್‌ಗಳ (ಫೈಲಿನಲ್ಲಿರುವ ಫಂಕ್ಷನ್, ವೇರಿಯಬಲ್‌ಗಳ) ಹೆಸರು ಓದಿ, ಫೈಲ್ ಮುಚ್ಚಿ, ಆಮೇಲೆ ಪ್ರಿಂಟ್ ಮಾಡುತ್ತೇನೆ. ಸಣ್ಣ ಫೈಲಾದರೆ ಸರಿಯಾಗಿ ಬರುತ್ತದೆ, ದೊಡ್ಡದಾದರೆ ಕಸ ಬರುತ್ತದೆ ಅಥವಾ ಪ್ರೋಗ್ರಾಂ ಬಿದ್ದುಹೋಗುತ್ತದೆ. (ಬೆಳಗಾವಿ)

ಉತ್ತರ: ಇಲ್ಲಿ ಯಾವ ಮೆಮೊರಿ ಯಾರದ್ದು ಎಂಬುದನ್ನು ಬಿಡಿಸಿ ನೋಡಬೇಕು. ಮೊದಲು ಬಿಎಫ್‌ಡಿ_ಗೆಟ್_ಸಿಮ್‌ಟ್ಯಾಬ್_ಅಪ್ಪರ್_ಬೌಂಡ್ ಕರೆಯುತ್ತೀರಿ. ಅದು ಕೊಡುವುದು ಬೈಟ್ ಲೆಕ್ಕ, ಸಿಂಬಲ್‌ಗಳ ಸಂಖ್ಯೆಯಲ್ಲ. ಹಾಗಾಗಿ ಅದನ್ನು ಮತ್ತೆ ಪಾಯಿಂಟರ್ ಗಾತ್ರದಿಂದ ಗುಣಿಸಬಾರದು. ಋಣ ಸಂಖ್ಯೆ ಬಂದರೆ ಎರರ್. ಅಷ್ಟು ಬೈಟ್ ಮ್ಯಾಲಕ್ ಮಾಡಿ ಬಿಎಫ್‌ಡಿ_ಕೆನಾನಿಕಲೈಸ್_ಸಿಮ್‌ಟ್ಯಾಬ್‌ಗೆ ಕೊಟ್ಟರೆ ಅದು ಪಾಯಿಂಟರ್‌ಗಳನ್ನು ತುಂಬಿ, ನಿಜವಾದ ಸಂಖ್ಯೆ ಹಿಂದಿರುಗಿಸುತ್ತದೆ.

ಈ ಪಾಯಿಂಟರ್ ಅರೇ ನಿಮ್ಮದು, ನೀವೇ ಫ್ರೀ ಮಾಡಬೇಕು. ಆದರೆ ಅವು ತೋರಿಸುವ ಸಿಂಬಲ್‌ಗಳು, ಅವುಗಳ ಹೆಸರು, ಸೆಕ್ಷನ್‌ಗಳು ಎಲ್ಲವೂ ಬಿಎಫ್‌ಡಿಯ ಸ್ವಂತ ಮೆಮೊರಿಯಲ್ಲಿರುತ್ತವೆ. ಬಿಎಫ್‌ಡಿ_ಕ್ಲೋಸ್ ಆದ ಕ್ಷಣ ಆ ಮೆಮೊರಿ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಸಣ್ಣ ಫೈಲಿನಲ್ಲಿ ಆ ಜಾಗವನ್ನು ಇನ್ನೂ ಯಾರೂ ಮುಟ್ಟಿರುವುದಿಲ್ಲ, ಆದ್ದರಿಂದ ಹಳೆಯ ಹೆಸರು ಹಾಗೇ ಕಾಣುತ್ತದೆ. ತಪ್ಪು ಅಲ್ಲೂ ಇದೆ, ಕಾಣುತ್ತಿಲ್ಲ ಅಷ್ಟೆ. ಜಿಸಿಸಿಯ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಅಥವಾ ವ್ಯಾಲ್‌ಗ್ರಿಂಡ್ ಅಡಿಯಲ್ಲಿ ಓಡಿಸಿದರೆ ಸಿಕ್ಕಿಬೀಳುತ್ತದೆ. ಮುಚ್ಚಿದ ಮೇಲೂ ಬೇಕಾದ ಹೆಸರನ್ನು ಸ್ಟರ್‌ಡಪ್ ಮಾಡಿ, ವಿಳಾಸವನ್ನು ಅಂಕಿಯಾಗಿ ಎತ್ತಿಟ್ಟುಕೊಂಡು, ಆಮೇಲೆ ಮುಚ್ಚಿ. ಒಂದೊಂದೇ ಸಿಂಬಲನ್ನು ಫ್ರೀ ಮಾಡಲು ಮಾತ್ರ ಹೋಗಬೇಡಿ, ಅವು ನಿಮ್ಮವಲ್ಲ.

ಬಿಎಫ್‌ಡಿ_ಮ್ಯಾಲಕ್_ಅಂಡ್_ಗೆಟ್_ಸೆಕ್ಷನ್ ಕೊಡುವ ಬಫರ್ ಇದಕ್ಕೆ ವಿರುದ್ಧ: ಅದು ನಿಮ್ಮದೇ, ಕ್ಲೋಸ್ ಆದರೂ ಉಳಿಯುತ್ತದೆ, ಫ್ರೀ ಮಾಡದಿದ್ದರೆ ಸೋರುತ್ತದೆ.

ಪ್ರಶ್ನೆ: ನಾನೇ ಓಪನ್ ಮಾಡಿದ ಫೈಲ್ ಡಿಸ್ಕ್ರಿಪ್ಟರನ್ನು ಬಿಎಫ್‌ಡಿ_ಎಫ್‌ಡಿಓಪನ್‌ಆರ್‌ಗೆ ಕೊಡುತ್ತೇನೆ. ಕೊನೆಗೆ ಅದನ್ನು ಯಾರು ಮುಚ್ಚಬೇಕು? (ಹುಬ್ಬಳ್ಳಿ)

ಉತ್ತರ: ಕೊಟ್ಟ ಮೇಲೆ ಅದು ಬಿಎಫ್‌ಡಿಯದು. ಬಿಎಫ್‌ಡಿ_ಕ್ಲೋಸ್ ಅದನ್ನೂ ಮುಚ್ಚುತ್ತದೆ. ಹೊಸ ಆವೃತ್ತಿಗಳಲ್ಲಿ ತೆರೆಯುವುದು ವಿಫಲವಾದರೂ ಮುಚ್ಚಿಬಿಡುತ್ತದೆ. ನೀವು ಮತ್ತೊಮ್ಮೆ ಕ್ಲೋಸ್ ಕರೆದರೆ ಎರರ್ ಬಂದರೆ ಪುಣ್ಯ. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಬೇರೆ ಫೈಲ್ ತೆರೆದು ಅದಕ್ಕೆ ಅದೇ ನಂಬರ್ ಸಿಕ್ಕಿದ್ದರೆ, ಆ ಫೈಲ್ ಮುಚ್ಚಿಹೋಗುತ್ತದೆ. ಮೂಲ ಡಿಸ್ಕ್ರಿಪ್ಟರ್ ನಿಮಗೆ ಬೇಕೇ ಬೇಕೆಂದರೆ ಡಪ್ ಮಾಡಿ ಆ ಪ್ರತಿಯನ್ನು ಕೊಡಿ. ಎರಡೂ ಒಂದೇ ಓದುವ ಸ್ಥಾನವನ್ನು ಹಂಚಿಕೊಳ್ಳುತ್ತವೆ, ಆದ್ದರಿಂದ ಬಿಎಫ್‌ಡಿ ಕೆಲಸ ಮುಗಿಯುವ ತನಕ ಮೂಲದ ಮೇಲೆ ರೀಡ್ ಅಥವಾ ಎಲ್‌ಸೀಕ್ ಬೇಡ.

ಪ್ರಶ್ನೆ: ಹೊಸ ಆಬ್ಜೆಕ್ಟ್ ಫೈಲ್ ಬರೆಯುತ್ತೇನೆ, ಎಲ್ಲ ಕರೆಗಳೂ ಯಶಸ್ವಿ, ಆದರೂ ರೀಡೆಲ್ಫ್ ಟೂಲ್ ಅದನ್ನು ಇಎಲ್‌ಎಫ್ ಅಲ್ಲ ಎನ್ನುತ್ತದೆ. ಮುಚ್ಚಲು ಬಿಎಫ್‌ಡಿ_ಕ್ಲೋಸ್_ಆಲ್_ಡನ್ ಬಳಸಿದ್ದೇನೆ. (ಬೆಂಗಳೂರು)

ಉತ್ತರ: ತಪ್ಪಿರುವುದು ಆ ಮುಚ್ಚುವ ಕರೆಯಲ್ಲೇ. ಬಿಎಫ್‌ಡಿ_ಓಪನ್‌ಡಬ್ಲ್ಯು ಮೂಲಕ ತೆರೆದ ಫೈಲಿಗೆ ಹೆಡರ್, ಸಿಂಬಲ್ ಟೇಬಲ್‌ಗಳೆಲ್ಲ ಬಿಎಫ್‌ಡಿ_ಕ್ಲೋಸ್ ಹೊತ್ತಿನಲ್ಲೇ ಬೀಳುವುದು. ಎಕ್ಸಿಕ್ಯೂಟಬಲ್ ಆಗಿದ್ದರೆ ಸಿಎಚ್‌ಮಾಡ್ ಕೂಡ ಅಲ್ಲೇ ಆಗುತ್ತದೆ. ಕ್ಲೋಸ್_ಆಲ್_ಡನ್ ಬಾಕಿ ಬರವಣಿಗೆ ಬಿಟ್ಟು ಬರೀ ಮುಚ್ಚುತ್ತದೆ. ಅರ್ಧದಲ್ಲಿ ಎರರ್ ಬಂದು ಕೈಬಿಡುವಾಗ ಅದು ಸರಿ. ಆಮೇಲೆ ಅರೆಬರೆ ಫೈಲನ್ನು ಅನ್‌ಲಿಂಕ್ ಮಾಡಿ.

ಬಿಎಫ್‌ಡಿ_ಕ್ಲೋಸ್ ಏನು ಹಿಂದಿರುಗಿಸಿತು ಎಂದು ನೋಡದೇ ಬಿಡುವವರು ಬಹಳ. ಓದುವಾಗ ಅದರಿಂದ ದೊಡ್ಡ ನಷ್ಟವಿಲ್ಲ, ಬರೆಯುವಾಗ ಇದೆ: ಡಿಸ್ಕ್ ತುಂಬಿದ್ದು ಗೊತ್ತಾಗುವುದು ಎಷ್ಟೋ ಸಲ ಅಲ್ಲೇ. ಫಾಲ್ಸ್ ಬಂದರೆ ಔಟ್‌ಪುಟ್ ನಂಬಬೇಡಿ. ಮತ್ತೆ ಕ್ಲೋಸ್ ಕೂಡ ಕರೆಯಬೇಡಿ, ಆ ಪಾಯಿಂಟರ್ ಆಗಲೇ ಸತ್ತಿರುತ್ತದೆ.

ಇನ್ನೊಂದು ಕ್ರಮ: ಬೇಕಾದ ಎಲ್ಲ ಸೆಕ್ಷನ್‌ಗಳನ್ನು ಮಾಡಿ, ಎಲ್ಲದಕ್ಕೂ ಗಾತ್ರ ಹಾಕಿ, ಆಮೇಲೆ ಮೊದಲ ಬೈಟ್ ತುಂಬಿ. ಒಮ್ಮೆ ಬಿಎಫ್‌ಡಿ_ಸೆಟ್_ಸೆಕ್ಷನ್_ಕಂಟೆಂಟ್ಸ್ ಶುರುವಾದ ಮೇಲೆ ಗಾತ್ರ ಬದಲಿಸಲು ಬಿಡುವುದಿಲ್ಲ.

ಪ್ರಶ್ನೆ: ಸ್ಟ್ಯಾಟಿಕ್ ಲೈಬ್ರರಿಯ, ಅಂದರೆ ಡಾಟ್ ಎ ಫೈಲಿನ, ಒಳಗಿನ ಸದಸ್ಯರನ್ನು ಯಾವಾಗ ಮುಚ್ಚಬೇಕು? (ಶಿವಮೊಗ್ಗ)

ಉತ್ತರ: ಬಿಎಫ್‌ಡಿ_ಓಪನ್‌ಆರ್_ನೆಕ್ಸ್ಟ್_ಆರ್ಕೈವ್ಡ್_ಫೈಲ್ ಮುಂದಿನ ಸದಸ್ಯನನ್ನು ಹುಡುಕುವುದು ಹಿಂದಿನದರ ಸ್ಥಾನ ನೋಡಿ. ಹಿಂದಿನದನ್ನು ಮೊದಲೇ ಮುಚ್ಚಿದರೆ ಸತ್ತ ಪಾಯಿಂಟರ್ ಕೊಟ್ಟಂತೆ. ಮುಂದಿನದು ಕೈಗೆ ಸಿಕ್ಕ ಮೇಲೆ ಹಿಂದಿನದನ್ನು ಮುಚ್ಚಿ, ಎಲ್ಲ ಮುಗಿದ ಮೇಲೆ ಆರ್ಕೈವ್ ಮುಚ್ಚಿ. ನಲ್ ಬಂದಾಗ ಎರರ್ ಪರೀಕ್ಷಿಸಿ: ಬಿಎಫ್‌ಡಿ_ಎರರ್_ನೋ_ಮೋರ್_ಆರ್ಕೈವ್ಡ್_ಫೈಲ್ಸ್ ಆಗಿದ್ದರೆ ಪಟ್ಟಿ ಮುಗಿದಿದೆ, ಬೇರೆಯದಾದರೆ ಫೈಲ್ ಕೆಟ್ಟಿರಬಹುದು.

ಒಟ್ಟಿಗೆ ನೂರಾರು ಫೈಲ್ ತೆರೆಯುವವರಿಗೆ ಒಂದು ಮಾತು. ಮಿತಿ ದಾಟಿದರೆ ಬಿಎಫ್‌ಡಿ ಹಳೆಯ ಫೈಲನ್ನು ತಾನೇ ಮುಚ್ಚಿ, ಬೇಕಾದಾಗ ಹೆಸರಿನಿಂದ ಮತ್ತೆ ತೆರೆಯುತ್ತದೆ. ನಡುವೆ ಸಿಎಚ್‌ಡಿರ್ ಮಾಡಿದ್ದರೆ ರಿಲೇಟಿವ್ ಪಾತ್ ಸಿಗುವುದಿಲ್ಲ. ಪೂರ್ತಿ ಪಾತ್ ಕೊಡಿ.

ಪ್ರಶ್ನೆ: ಬಿಎಫ್‌ಡಿಯ ಹೆಡರ್ ಸೇರಿಸಿದ ಕೂಡಲೇ ಕಾನ್ಫಿಗ್ ಡಾಟ್ ಎಚ್ ಮೊದಲು ಸೇರಿಸಿ ಎಂಬ ಎರರ್ ಬರುತ್ತದೆ. (ಮಂಗಳೂರು)

ಉತ್ತರ: ಹೆಡರ್ ಸೇರಿಸುವ ಸಾಲಿಗಿಂತ ಮೇಲೆ ಪ್ಯಾಕೇಜ್ ಎಂಬ ಮ್ಯಾಕ್ರೊವನ್ನು, ಪೂರ್ತಿ ದೊಡ್ಡಕ್ಷರದಲ್ಲಿ, ಡಿಫೈನ್ ಮಾಡಿ. ಡೆಬಿಯನ್, ಉಬುಂಟುಗಳಲ್ಲಿ ಬಿನ್‌ಯುಟಿಲ್ಸ್-ಡೆವ್ ಪ್ಯಾಕೇಜ್ ಹಾಕಿರಬೇಕು. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡುವಾಗ ಲೈಬ್ರರಿಗಳು ಈ ಕ್ರಮದಲ್ಲಿರಲಿ: ಮೊದಲು ಬಿಎಫ್‌ಡಿ, ಆಮೇಲೆ ಐಬರ್ಟಿ, ಆಮೇಲೆ ಜೆಡ್. ಹೊಸ ಆವೃತ್ತಿಗಳು ಎಸ್‌ಫ್ರೇಮ್, ಜೆಡ್‌ಎಸ್‌ಟಿಡಿ ಕೂಡ ಕೇಳುತ್ತವೆ. ಸ್ಟ್ಯಾಟಿಕ್ ಲಿಂಕ್ ಮಾಡುವುದೇ ಕ್ಷೇಮ, ಏಕೆಂದರೆ ಈ ಲೈಬ್ರರಿಯ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. 2020ರಲ್ಲಿ ಬಂದ ಬಿನ್‌ಯುಟಿಲ್ಸ್ 2.34ರಲ್ಲಿ ಬಿಎಫ್‌ಡಿ_ಗೆಟ್_ಸೆಕ್ಷನ್_ಫ್ಲ್ಯಾಗ್ಸ್ ಹೋಗಿ ಬಿಎಫ್‌ಡಿ_ಸೆಕ್ಷನ್_ಫ್ಲ್ಯಾಗ್ಸ್ ಬಂತು, ಮೊದಲ ಆರ್ಗ್ಯುಮೆಂಟ್ ಕೂಡ ಬಿದ್ದುಹೋಯಿತು. ಅದಕ್ಕಿಂತ ಹಳೆಯ ಮಾದರಿ ಕೋಡ್ ನೋಡಿ ಬರೆಯುತ್ತಿದ್ದರೆ ಮುಂದಿನ ಎರರ್ ಅದೇ ಬರುತ್ತದೆ.