ಓದುಗರ ಪ್ರಶ್ನೆ: ಪೆಥಾಲಜಿ ಓದುವುದು ಹೇಗೆ, ಬಳಸುವುದು ಎಲ್ಲಿ?

ಫಿಸಿಯೊಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ ವಿದ್ಯಾರ್ಥಿಗಳು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ರೋಗಶಾಸ್ತ್ರದ (ಪೆಥಾಲಜಿ) ಬಗ್ಗೆಯೇ ಇವೆ. ಅವುಗಳಲ್ಲಿ ಆಯ್ದ ಕೆಲವಕ್ಕೆ ನಮ್ಮ ಅಂಕಣದ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ನಾನು ಬಿಪಿಟಿ (ಫಿಸಿಯೊಥೆರಪಿ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಪೆಥಾಲಜಿ ಪುಸ್ತಕ ಎಂಬಿಬಿಎಸ್‌ನವರಿಗೇ ಬರೆದ ಹಾಗಿದೆ. ಓದಿದ್ದು ವಾರದಲ್ಲೇ ಮರೆತುಹೋಗುತ್ತದೆ. ಇದರಲ್ಲಿ ನಮಗೆ ನಿಜವಾಗಿ ಬೇಕಾದದ್ದು ಎಷ್ಟು?
– ವಿದ್ಯಾರ್ಥಿನಿ, ಹಾವೇರಿ

ಪುಸ್ತಕ ನಿಮಗಾಗಿ ಬರೆದದ್ದಲ್ಲ ಎಂಬುದು ನಿಜವೇ. ಪೆಥಾಲಜಿಸ್ಟ್ ಸ್ಲೈಡ್ ನೋಡಿ ರೋಗದ ಹೆಸರು ಹೇಳಬೇಕು. ನಿಮ್ಮ ಬಳಿ ಬರುವ ರೋಗಿಯ ಕೈಯಲ್ಲಿ ಆ ಹೆಸರು ಆಗಲೇ ಬರೆದಿರುವ ಚೀಟಿ ಇರುತ್ತದೆ. ನೀವು ಅವರ ಕೀಲಿನ ಮೇಲೆ ಕೈ ಇಡಬೇಕು. ಆದ್ದರಿಂದ ಜೀವಕೋಶದ ಹಾನಿ, ಉರಿಯೂತ, ಗಾಯ ಮಾಯುವ ಬಗೆ, ಊತ, ರಕ್ತ ಹೆಪ್ಪುಗಟ್ಟುವುದು ಇಷ್ಟನ್ನು ಒಂದು ಸಾಲೂ ಬಿಡದೆ ಓದಿ. ಗೆಡ್ಡೆಗಳ ಉದ್ದುದ್ದ ವರ್ಗೀಕರಣವನ್ನು ಪರೀಕ್ಷೆಗೆ ಬೇಕಾದಷ್ಟು ಓದಿದರೆ ಸಾಕು.

ಆಮೇಲೆ ಒಂದೊಂದು ರೋಗಕ್ಕೂ ಒಂದೊಂದೇ ಪುಟ ಇಡಿ. ಕೆಟ್ಟಿರುವುದು ಯಾವ ಅಂಗಾಂಶ, ಅಲ್ಲಿ ಆಗುತ್ತಿರುವುದೇನು, ಎಷ್ಟು ದಿನದಲ್ಲಿ, ಹೊರಗೆ ಕಾಣುವುದೇನು, ಹಾಗಾದರೆ ನಾನು ಏನು ಮಾಡಬಾರದು? ಕೊನೆಯ ಪ್ರಶ್ನೆಗೆ ಉತ್ತರ ಪೆಥಾಲಜಿ ಪುಸ್ತಕದಲ್ಲಿ ಸಿಗುವುದಿಲ್ಲ, ನೀವೇ ಯೋಚಿಸಿ ಬರೆಯಬೇಕು. ಹಾಗೆ ಬರೆದದ್ದು ಮಾತ್ರ ಮರೆಯುವುದಿಲ್ಲ.

ಕೀಲುಗಳ ಉರಿಯೂತದ ರೋಗವಾದ ರುಮಟಾಯ್ಡ್ ಆರ್ಥ್ರೈಟಿಸ್ ತೆಗೆದುಕೊಳ್ಳಿ. ಕೆಟ್ಟಿರುವುದು ಕೀಲಿನ ಒಳಪೊರೆ, ಅಂದರೆ ಸೈನೋವಿಯಂ. ಅದು ಉರಿಯೂತದಿಂದ ದಪ್ಪವಾಗಿ ಪ್ಯಾನಸ್ ಆಗುತ್ತದೆ, ಅಂಚಿನಿಂದ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತಾ ಬರುತ್ತದೆ. ಒಳಗೆ ನೀರು ತುಂಬಿ ಕೀಲಿನ ಹೊದಿಕೆಯಾದ ಕ್ಯಾಪ್ಸೂಲ್, ಮೂಳೆಗಳನ್ನು ಬಿಗಿದಿಡುವ ಲಿಗಮೆಂಟುಗಳು ಹಿಗ್ಗಿ ಸಡಿಲವಾಗುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಇರುವುದು, ಎರಡೂ ಕೈಗಳ ಎಂಸಿಪಿ (ಬೆರಳ ಬುಡದ), ಪಿಐಪಿ (ಬೆರಳ ನಡುವಿನ) ಕೀಲುಗಳು ಮತ್ತು ಮಣಿಕಟ್ಟು ಒಟ್ಟಿಗೇ ಊದುವುದು ಈ ಕಾರಣದಿಂದ. ಕೀಲು ಸವೆಯುವ ರೋಗವಾದ ಆಸ್ಟಿಯೊಆರ್ಥ್ರೈಟಿಸ್‌ನಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಗಂಟು ಕಾಣುವುದು ಬೆರಳ ತುದಿಯ ಡಿಐಪಿ ಕೀಲಿನಲ್ಲಿ, ಆ ಕೀಲನ್ನು ರುಮಟಾಯ್ಡ್ ಸಾಧಾರಣವಾಗಿ ಮುಟ್ಟುವುದಿಲ್ಲ.

ಈಗ ಕೊನೆಯ ಪ್ರಶ್ನೆಗೆ ಬನ್ನಿ. ಲಿಗಮೆಂಟ್ ಆಗಲೇ ಸಡಿಲವಾಗಿದೆ ಎಂದಮೇಲೆ ಊದಿದ ಕೀಲನ್ನು ಎಳೆದು ಸ್ಟ್ರೆಚ್ ಮಾಡುವ ಹಾಗಿಲ್ಲ. ಡಬ್ಬಿಯ ಮುಚ್ಚಳವನ್ನು ಬೆರಳಿಂದ ಬಿಗಿಹಿಡಿದು ತಿರುಗಿಸಿದರೆ ಬೆರಳುಗಳು ಕಿರುಬೆರಳಿನ ಕಡೆಗೆ ಇನ್ನಷ್ಟು ವಾಲುತ್ತವೆ. ಅಂಗೈಯಿಂದ ಒತ್ತಿ ತಿರುಗಿಸಲು ಕಲಿಸಬೇಕು, ಸೌಟು ಚಮಚಗಳಿಗೆ ದಪ್ಪ ಹಿಡಿ ಹಾಕಿಸಬೇಕು. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಕುತ್ತಿಗೆಯ ಮೊದಲ ಎರಡು ಕಶೇರುಗಳ ನಡುವೆಯೂ ಇದೇ ಸೈನೋವಿಯಂ ಇದೆ. ಅಲ್ಲಿಯ ಲಿಗಮೆಂಟ್ ಸಡಿಲಾದರೆ ಮೂಳೆ ಜಾರಿ ಬೆನ್ನುಹುರಿಯನ್ನು ಒತ್ತಬಹುದು. ಹೀಗಾಗಿ ಹಳೆಯ ರುಮಟಾಯ್ಡ್ ರೋಗಿ 'ಕುತ್ತಿಗೆ ನೋವು' ಎಂದ ಕೂಡಲೇ ಟ್ರಾಕ್ಷನ್ (ಕುತ್ತಿಗೆ ಎಳೆದಿಡುವುದು) ಹಾಕಬೇಡಿ, ಮ್ಯಾನಿಪ್ಯುಲೇಷನ್ (ಕೈಯಿಂದ ಥಟ್ಟನೆ ತಿರುಗಿಸುವುದು) ಅಂತೂ ಬೇಡವೇ ಬೇಡ. ತಲೆ ಬಗ್ಗಿಸಿದಾಗ ಕೈಕಾಲಿಗೆ ಕರೆಂಟ್ ಹೊಡೆದಂತೆ ಆಗುತ್ತದೆ ಎಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಭಾಷೆಯ ಚಿಂತೆ ಬೇಡ. ಪಾರಿಭಾಷಿಕ ಪದಗಳನ್ನು ಇಂಗ್ಲಿಷ್‌ನಲ್ಲೇ ಇಟ್ಟುಕೊಂಡು, ಅವುಗಳ ನಡುವಿನ 'ಆದ್ದರಿಂದ', 'ಹಾಗಾಗಿ'ಗಳನ್ನು ಕನ್ನಡದಲ್ಲಿ ಬರೆಯಿರಿ. ಪುಸ್ತಕ ಮುಚ್ಚಿ, ರೂಮ್‌ಮೇಟ್‌ಗೆ ಎರಡು ನಿಮಿಷದಲ್ಲಿ ಕನ್ನಡದಲ್ಲೇ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಷ್ಟನ್ನೇ ಮತ್ತೆ ಓದಿ. ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್‌ನಲ್ಲಿ ಪಟ್ಟಿಗಳಿರುತ್ತವೆ, ಈ 'ಆದ್ದರಿಂದ' ಇರುವುದಿಲ್ಲ.

ಬೆರಳಿನ ಫ್ಲೆಕ್ಸರ್ ಟೆಂಡನ್ (ಬೆರಳು ಮಡಚುವ ಸ್ನಾಯುವಿನ ಹುರಿ) ಹೊಲಿದ ರೋಗಿ. ನಾಲ್ಕನೇ ವಾರಕ್ಕೆ ಗಾಯ ಪೂರ್ತಿ ಒಣಗಿದೆ. ಆದರೂ ಸ್ಪ್ಲಿಂಟ್ (ಕೈಗೆ ಕಟ್ಟುವ ಆಸರೆಯ ಅಚ್ಚು) ತೆಗೆಯಬೇಡಿ ಅನ್ನುತ್ತಾರೆ, ವ್ಯಾಯಾಮ ನಿಲ್ಲಿಸಬೇಡಿ ಎಂದೂ ಅನ್ನುತ್ತಾರೆ. ಎರಡೂ ಒಟ್ಟಿಗೆ ಹೇಗೆ? ಗಾಯ ಮಾಯುವ ಹಂತಗಳ ದಿನಗಳೂ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇವೆ.
– ಬಿಓಟಿ (ಆಕ್ಯುಪೇಷನಲ್ ಥೆರಪಿ ಪದವಿ) ವಿದ್ಯಾರ್ಥಿ, ಮಣಿಪಾಲ

ದಿನಗಳ ಲೆಕ್ಕದಿಂದ ಶುರುಮಾಡೋಣ. ಉರಿಯೂತದ ಹಂತ ಮೊದಲ 3ರಿಂದ 5 ದಿನ, ಹೊಸ ಅಂಗಾಂಶ ಬೆಳೆಯುವ ಹಂತ ಸುಮಾರು 3 ವಾರದವರೆಗೆ, ಅಂಗಾಂಶಕ್ಕೆ ಬಲ ಕೊಡುವ ಕೊಲಾಜನ್ ನಾರು ಸರಿಹೊಂದುವ ಹಂತ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು. ಒಂದು ಮುಗಿಯುವ ಮೊದಲೇ ಇನ್ನೊಂದು ಆರಂಭವಾಗಿರುತ್ತದೆ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ಮಾತ್ರ ಪುಸ್ತಕಗಳಿಗೆ ಭಿನ್ನಾಭಿಪ್ರಾಯ. ಮಧುಮೇಹ, ಧೂಮಪಾನ, ಸ್ಟಿರಾಯ್ಡ್ ಮಾತ್ರೆ, ಸೋಂಕು ಇದ್ದರೆ ಎಲ್ಲವೂ ಮುಂದಕ್ಕೆ ಹೋಗುತ್ತವೆ.

'ಒಣಗಿದೆ' ಎಂದು ನೀವು ನೋಡುತ್ತಿರುವುದು ಚರ್ಮವನ್ನು. ಆ ಚರ್ಮದ ಬಲವೂ ಕಣ್ಣಿಗೆ ಕಾಣುವಷ್ಟಿಲ್ಲ. ಒಂದು ವಾರಕ್ಕೆ ಹೊಲಿಗೆ ಬಿಚ್ಚುವಾಗ ಅದು ಸಹಜ ಚರ್ಮದ ಶೇ 10ರಷ್ಟು, 3 ತಿಂಗಳಿಗೆ ಶೇ 70ರಿಂದ 80, ಪೂರ್ತಿ ನೂರಕ್ಕೆ ಮರಳುವುದೇ ಇಲ್ಲ. ಟೆಂಡನ್‌ಗೆ ರಕ್ತ ಪೂರೈಕೆ ಇನ್ನೂ ಕಡಿಮೆ. ಮೊದಲ ವಾರಗಳಲ್ಲಿ ಅದನ್ನು ಹಿಡಿದಿರುವುದು ದಾರ ಮಾತ್ರ. ಅದೇ ಹೊತ್ತಿಗೆ ಕತ್ತರಿಸಿದ ತುದಿಗಳು ಮೆತ್ತಗಾಗಿ ದಾರದ ಹಿಡಿತವೂ ಸಡಿಲಾಗುತ್ತದೆ. 3 ವಾರಕ್ಕೆ ಬರುವ ಕೊಲಾಜನ್ ಹೆಚ್ಚಾಗಿ ಮೂರನೇ ಬಗೆಯದು, ಎಳೆಗಳು ಅಡ್ಡಾದಿಡ್ಡಿ. ಅದರ ಜಾಗದಲ್ಲಿ ಗಟ್ಟಿಯಾದ ಒಂದನೇ ಬಗೆಯ ಕೊಲಾಜನ್ ಬಂದು ಎಳೆತದ ದಿಕ್ಕಿಗೆ ಸಾಲಾಗಲು ತಿಂಗಳುಗಳೇ ಬೇಕು. 'ಕೈ ಸರಿಹೋಯಿತಲ್ಲ' ಎಂದು ರೋಗಿ ನೀರು ತುಂಬಿದ ಬಕೆಟ್ ಎತ್ತಿದರೆ ಟೆಂಡನ್ ಕಿತ್ತುಬರುತ್ತದೆ.

ಹಾಗಂತ ಅಲುಗಿಸದೇ ಇಟ್ಟರೆ? ಅಂಗೈಯ ಕೊನೆಯ ಗೆರೆಯಿಂದ ಬೆರಳಿನ ನಡು ಎಲುಬಿನ ಮಧ್ಯದವರೆಗಿನ ಜಾಗ ಝೋನ್ 2. ಅಲ್ಲಿ ಎರಡು ಟೆಂಡನ್‌ಗಳು ಒಂದೇ ಇಕ್ಕಟ್ಟಾದ ಕೊಳವೆಯಂಥ ಹೊದಿಕೆಯಲ್ಲಿ ಜಾರಬೇಕು. ಗಾಯವನ್ನು ಕೂಡಿಸುವ ಜೀವಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳೇ ಟೆಂಡನ್ ಅನ್ನು ಹೊದಿಕೆಯ ಗೋಡೆಗೂ ಅಂಟಿಸಿಬಿಡುತ್ತವೆ. ಜಾರಬೇಕು, ಆದರೆ ಬಲ ಬೀಳಬಾರದು ಎಂಬುದೇ ಇಡೀ ಚಿಕಿತ್ಸೆಯ ಲೆಕ್ಕಾಚಾರ.

ಹಳೆಯ ಪದ್ಧತಿಯಲ್ಲಿ ಕೈಯ ಹಿಂಬದಿಗೆ ಸ್ಪ್ಲಿಂಟ್: ಮಣಿಕಟ್ಟು 20ರಿಂದ 30 ಡಿಗ್ರಿ ಬಾಗಿ, ಎಂಸಿಪಿ 50ರಿಂದ 70 ಡಿಗ್ರಿ ಬಾಗಿ, ಬೆರಳಿನ ಕೀಲುಗಳು ನೇರ. ಅದರೊಳಗೆ ಇನ್ನೊಂದು ಕೈಯಿಂದ ಬೆರಳು ಮಡಚಿಸಿ, ಸ್ಪ್ಲಿಂಟ್ ತಾಗುವವರೆಗೆ ನೇರ ಮಾಡಿಸುವುದು. ಈಗ ಹಲವೆಡೆ ಮಣಿಕಟ್ಟನ್ನು ನೇರವಾಗಿಟ್ಟು, ಮೊದಲ ವಾರದಲ್ಲೇ ರೋಗಿಯಿಂದ ತಾನಾಗಿ ಸ್ವಲ್ಪ ಮಡಚಿಸುತ್ತಾರೆ. ಯಾವುದು ಸರಿ ಎಂಬುದು ಹೊಲಿಗೆಯ ಮೇಲೆ ಹೋಗುತ್ತದೆ. ಎರಡೆಳೆಯ ಹೊಲಿಗೆ ಅಷ್ಟು ಬಲ ತಡೆಯದು, ನಾಲ್ಕೆಳೆಯದು ತಡೆಯುತ್ತದೆ. ಆಪರೇಷನ್ ನೋಟ್ ಓದಿ, ಇಲ್ಲದಿದ್ದರೆ ಸರ್ಜನ್‌ರನ್ನು ಕೇಳಿ. ಸಾಮಾನ್ಯವಾಗಿ 6 ವಾರಕ್ಕೆ ಸ್ಪ್ಲಿಂಟ್ ಬಿಡಿಸುತ್ತಾರೆ, 8 ವಾರದಿಂದ ಹಗುರ ಪ್ರತಿರೋಧ, ಭಾರದ ಕೆಲಸ 12 ವಾರದ ನಂತರ.

ಹೆಚ್ಚಾಗಿ ಕೆಡುವುದು ಸಣ್ಣದರಲ್ಲಿ. ಬೆರಳಿನ ಪಟ್ಟಿ ಸಡಿಲವಾಗಿ ರಾತ್ರಿಯಿಡೀ ಪಿಐಪಿ ಕೀಲು ಬಾಗಿಯೇ ಇರುತ್ತದೆ. 6 ವಾರಕ್ಕೆ ಟೆಂಡನ್ ಗಟ್ಟಿ, ಬೆರಳು ಮಾತ್ರ ನೇರವಾಗದು. ಪ್ರತಿ ಭೇಟಿಯಲ್ಲೂ ಪಟ್ಟಿ ಕಟ್ಟಿದ ಮೇಲೆ ಬೆರಳಿಗೂ ಸ್ಪ್ಲಿಂಟಿಗೂ ನಡುವೆ ಸಂದು ಇದೆಯೇ ಎಂದು ಪಕ್ಕದಿಂದ ಬಗ್ಗಿ ನೋಡಿ.

ಸ್ಟ್ರೋಕ್ ಯುಎಂಎನ್ (ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಕೋಶಗಳ) ತೊಂದರೆ, ಹಾಗಾಗಿ ಕೈಕಾಲು ಬಿಗಿ ಇರಬೇಕು. ವಾರ್ಡಿನಲ್ಲಿ ನೋಡಿದರೆ ಮೆತ್ತಗಿದೆ! ವೈವಾದಲ್ಲಿ ಇದನ್ನೇ ಕೇಳಿದರು.
– ವಿದ್ಯಾರ್ಥಿ, ತುಮಕೂರು

ಹೊಸ ಸ್ಟ್ರೋಕ್‌ನಲ್ಲಿ ಮೆತ್ತಗೇ ಇರುತ್ತದೆ. ಮೇಲಿನಿಂದ ಬರುತ್ತಿದ್ದ ಪ್ರಚೋದನೆ ಥಟ್ಟನೆ ನಿಂತಾಗ ಬೆನ್ನುಹುರಿಯ ಪ್ರತಿವರ್ತನೆಗಳೂ ಕೆಲಕಾಲ ಮಂಕಾಗುತ್ತವೆ. ಬಿಗಿತ ಬರುವುದು ದಿನಗಳು, ವಾರಗಳು ಕಳೆದ ಮೇಲೆ. ಈ ಮೆತ್ತಗಿನ ದಿನಗಳಲ್ಲೇ ಭುಜದ ಕೀಲು ಕೆಳಗೆ ಜಾರುವುದು ಹೆಚ್ಚು. ಸೋತ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬಾರದೆಂದು ಮನೆಯವರಿಗೆ ಮೊದಲ ದಿನವೇ ಹೇಳಿ.

ಗಿಲಾನ್-ಬಾರೆ ಎಂಬ ನರರೋಗದಲ್ಲೂ ಕೈಕಾಲು ಮೆತ್ತಗಾಗುತ್ತವೆ, ಆದರೆ ಕಾರಣ ಬೇರೆ. ಅಲ್ಲಿ ಹೆಚ್ಚಾಗಿ ಕೆಟ್ಟಿರುವುದು ಮಿದುಳು, ಬೆನ್ನುಹುರಿಯ ಹೊರಗಿನ ನರಗಳ ಹೊದಿಕೆಯಾದ ಮಯಲಿನ್. ಸಾಮಾನ್ಯವಾಗಿ ಎರಡೂ ಕಾಲಿಂದ ಶುರುವಾಗಿ ಮೇಲಕ್ಕೇರುತ್ತದೆ, ರಿಫ್ಲೆಕ್ಸ್ ಹೋಗಿರುತ್ತದೆ, ದೌರ್ಬಲ್ಯ 4 ವಾರದೊಳಗೆ ತುತ್ತತುದಿ ಮುಟ್ಟುತ್ತದೆ. ಏರುತ್ತಿರುವ ದಿನಗಳಲ್ಲಿ ನಿಮ್ಮ ಗಮನ ಕಾಲಿಗಿಂತ ಉಸಿರಾಟದ ಮೇಲಿರಲಿ. ವೈಟಲ್ ಕೆಪಾಸಿಟಿ (ಪೂರ್ತಿ ಎಳೆದುಕೊಂಡು ಪೂರ್ತಿ ಬಿಡುವ ಉಸಿರಿನ ಪ್ರಮಾಣ) ಕೆಜಿಗೆ 20 ಎಂಎಲ್‌ಗೆ, ಅಂದರೆ 60 ಕೆಜಿ ತೂಕದವರಲ್ಲಿ 1,200 ಎಂಎಲ್‌ಗೆ ಇಳಿದರೆ ವೆಂಟಿಲೇಟರ್ ಹತ್ತಿರವಿದೆ ಎಂದರ್ಥ. ಉಪಕರಣ ಸಿಗದಿದ್ದರೆ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆಂದು ದಿನವೂ ಬರೆದಿಡಿ. ನಿನ್ನೆಗಿಂತ ಇಳಿದಿದ್ದರೆ ವ್ಯಾಯಾಮ ಆಮೇಲೆ, ಮೊದಲು ಡ್ಯೂಟಿ ಡಾಕ್ಟರ್.

ಮೊಣಕೈ ಮುರಿದು ಪ್ಲಾಸ್ಟರ್ ಬಿಚ್ಚಿದ 9 ವರ್ಷದ ಹುಡುಗ. ಮನೆಯಲ್ಲಿ ದಿನಾ ಎಣ್ಣೆ ಹಚ್ಚಿ ತಿಕ್ಕಿ, ಕೈ ಎಳೆಯುತ್ತಾರೆ. ಬೇಡವೆಂದರೆ ಕೇಳುವುದಿಲ್ಲ. ಕಾರಣ ಹೇಗೆ ತಿಳಿಸಲಿ?
– ಇಂಟರ್ನ್, ಕಲಬುರಗಿ

ಮೊಣಕೈ ಮುಂದಿನ ಬ್ರೇಕಿಯಾಲಿಸ್ ಸ್ನಾಯು ಮುರಿದ ಮೂಳೆಗೆ ಅಂಟಿಕೊಂಡೇ ಇರುತ್ತದೆ. ಮುರಿತದ ವೇಳೆ ಅದೂ ಹರಿದು ರಕ್ತ ಕಟ್ಟಿರುತ್ತದೆ. ತಿಕ್ಕಿ ಎಳೆದಾಗ ಮತ್ತೆ ಹರಿದು ಮತ್ತೆ ರಕ್ತ ಬರುತ್ತದೆ, ದುರಸ್ತಿಗೆ ಬಂದ ಕೋಶಗಳು ಮೂಳೆ ಕಟ್ಟುವ ಕೋಶಗಳಾಗಿ ಮಾರ್ಪಟ್ಟು ಸ್ನಾಯುವಿನೊಳಗೇ ಮೂಳೆ ಬೆಳೆಸುತ್ತವೆ. ಮಯೋಸೈಟಿಸ್ ಆಸಿಫಿಕನ್ಸ್ ಎಂದರೆ ಇದೇ. ಅವರದೇ ಮಾತಿನಲ್ಲಿ ಹೇಳಿ: "ಎಣ್ಣಿ ಹಚ್ಚೂದು ಬ್ಯಾಡ ಅಂತ ಅಲ್ರಿ ಅವ್ವಾ. ತಿಕ್ಕಿ ಎಳದ್ರ ಒಳಗ ಮತ್ತ ರಕ್ತ ಬರ್ತದ, ಆ ರಕ್ತದಾಗ ಎಲುಬು ಬೆಳಿತದ. ಆಮ್ಯಾಲ ಕೈ ಮಡಚಂಗಿಲ್ಲ."

ಕೀಲಿನ ಕೋನ ಅಳೆಯುವ ಗೋನಿಯೊಮೀಟರ್‌ನಿಂದ ವಾರವಾರವೂ ಅಳೆದು, ಅಂಕಿಯನ್ನು ತಾಯಿಗೇ ತೋರಿಸಿ. ಹುಡುಗ ತಾನಾಗಿ, ನೋವಿಲ್ಲದಷ್ಟು ಆಡಿಸಿದರೆ ಸಾಕು. ಮಕ್ಕಳಲ್ಲಿ ಈ ಮುರಿತದ ನಂತರದ ಬಿಗಿತ ಬಹುಪಾಲು ಕೆಲವು ತಿಂಗಳಲ್ಲಿ ತಾನೇ ಬಿಡುತ್ತದೆ. ಅಳತೆ ಏರುವ ಬದಲು ಇಳಿಯತೊಡಗಿ, ಜಾಗ ಬಿಸಿಯಾಗಿ, ಗಟ್ಟಿ ಗಂಟು ಕೈಗೆ ಸಿಕ್ಕರೆ ಎಳೆಯುವುದನ್ನೆಲ್ಲ ನಿಲ್ಲಿಸಿ ಆರ್ಥೊ ವಿಭಾಗಕ್ಕೆ ಕಳಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. 'ಎಕ್ಸ್‌ರೇ ನಾರ್ಮಲ್' ಎಂದು ಮತ್ತೆ ಎಳೆಯಲು ಶುರುಮಾಡಬೇಡಿ.

ವಾರ್ಡ್ ಪೋಸ್ಟಿಂಗ್‌ನಲ್ಲಿ ಕೇಸ್ ಶೀಟ್ ಓದಲು ಸಮಯವೇ ಸಿಗುವುದಿಲ್ಲ. ಕನಿಷ್ಠ ಏನನ್ನು ನೋಡಲೇಬೇಕು?
– ವಿದ್ಯಾರ್ಥಿನಿ, ಮೈಸೂರು

ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣಗಳು), ರಕ್ತದ ಸಕ್ಕರೆ, ಮತ್ತು ಹೃದಯಾಘಾತವಾಗಿದ್ದರೆ ಅದು ಆದ ದಿನಾಂಕ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ ಪ್ರತಿರೋಧದ ವ್ಯಾಯಾಮ ಬೇಡ. 20,000ದ ಕೆಳಗಿದ್ದರೆ ವೈದ್ಯರನ್ನು ಕೇಳದೆ ಮಂಚದಿಂದ ಇಳಿಸಬೇಡಿ.

ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ ವ್ಯಾಯಾಮಕ್ಕೆ ಮೊದಲು 90ಕ್ಕಿಂತ ಕಡಿಮೆ ಇದ್ದರೆ 15ರಿಂದ 30 ಗ್ರಾಂ ಕಾರ್ಬೊಹೈಡ್ರೇಟ್ ಇರುವ ತಿನಿಸು ಕೊಡಿಸಿ. 250 ದಾಟಿ ಕೀಟೋನ್ ಕೂಡ ಇದ್ದರೆ ಅಂದಿನ ವ್ಯಾಯಾಮ ಮುಂದೂಡಿ. ವ್ಯಾಯಾಮದ ನಡುವೆ 70ಕ್ಕಿಂತ ಇಳಿದರೆ, ಎಚ್ಚರವಿದ್ದು ನುಂಗುವಂತಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಇದ್ದವರಲ್ಲಿ ನಡುಕವೂ ಎದೆಬಡಿತವೂ ಕಾಣದೆ ಬರೀ ಬೆವರು ಕಾಣಬಹುದು.

ಹೃದಯಾಘಾತದಲ್ಲಿ ಸತ್ತ ಸ್ನಾಯುವನ್ನು ಕಸ ತಿನ್ನುವ ಜೀವಕೋಶಗಳಾದ ಮ್ಯಾಕ್ರೊಫೇಜ್‌ಗಳು ತೆರವು ಮಾಡುವ 3ರಿಂದ 7ನೇ ದಿನ ಆ ಗೋಡೆ ಅತಿ ಮೆದು. ಗಟ್ಟಿ ಕಲೆಯಾಗಲು ಸುಮಾರು 2 ತಿಂಗಳು ಬೇಕು. ಬೇಗ ಆಂಜಿಯೊಪ್ಲಾಸ್ಟಿ ಆಗಿ ಸತ್ತ ಭಾಗ ಚಿಕ್ಕದಿದ್ದರೆ ಮರುದಿನವೇ ನಡೆಸುತ್ತಾರೆ, ಆದರೂ ನಾಡಿ ವಿಶ್ರಾಂತಿಯ ಲೆಕ್ಕಕ್ಕಿಂತ 20ಕ್ಕೂ ಹೆಚ್ಚು ಏರದಿರಲಿ. ಇಲ್ಲೂ ಬೀಟಾ ಬ್ಲಾಕರ್ ನಾಡಿಯನ್ನು ತಡೆದು ಮೋಸ ಮಾಡುತ್ತದೆ. ಆಯಾಸವನ್ನು ರೋಗಿಯ ಬಾಯಿಂದಲೇ ಕೇಳಿ.

ಕೈಗೆ ವ್ಯಾಯಾಮ, ಸ್ಪ್ಲಿಂಟ್ ಮಾಡುವ ನಮಗೆ ಮೈಕ್ರೊಬಯಾಲಜಿ ಏಕೆ?
– ಬಿಓಟಿ ವಿದ್ಯಾರ್ಥಿನಿ, ಮಂಗಳೂರು

ಕುಷ್ಠರೋಗ ಒಂದಕ್ಕಾದರೂ ಬೇಕು. ಅದರ ಬ್ಯಾಕ್ಟೀರಿಯಾ ದೇಹದ ತಂಪು ಜಾಗಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದಕ್ಕೇ ಚರ್ಮದ ಹತ್ತಿರ ಹಾಯುವ ನರಗಳಿಗೆ ಪೆಟ್ಟು: ಮೊಣಕೈ ಬಳಿಯ ಅಲ್ನಾರ್, ಫಿಬುಲಾ ಕತ್ತಿನ ಬಳಿಯ ಕಾಮನ್ ಪೆರೋನಿಯಲ್, ಒಳಹಿಮ್ಮಡಿಯ ಪೋಸ್ಟೀರಿಯರ್ ಟಿಬಿಯಲ್. ಉಂಗುರದ ಬೆರಳು, ಕಿರುಬೆರಳು ಕೊಕ್ಕೆಯಾಗುವುದು, ಪಾದ ಜೋತುಬೀಳುವುದು, ಅಂಗಾಲು ಮರಗಟ್ಟುವುದು ಈ ಮೂರು ಜಾಗಗಳಿಂದ. ಬೆರಳು ಸವೆಯುವುದು ರೋಗಾಣು ಮಾಂಸ ತಿನ್ನುವುದರಿಂದಲ್ಲ, ಸ್ಪರ್ಶವಿಲ್ಲದ ಕೈಗೆ ಮತ್ತೆ ಮತ್ತೆ ಆಗುವ ಗಾಯ, ಸುಟ್ಟಗಾಯಗಳಿಂದ. ವೆಲ್ಲೂರಿನಲ್ಲಿ ಕೈ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಾಲ್ ಬ್ರ್ಯಾಂಡ್ ಇದನ್ನು ತೋರಿಸಿಕೊಟ್ಟರು.

ಆದ್ದರಿಂದ ಬಿಗಿತ ಸಡಿಲಿಸಲು ಬಳಸುವ ಬಿಸಿ ಮೇಣದ ಪಾತ್ರೆಗೆ ಕೈ ಇಳಿಸುವ ಮೊದಲು, ಸ್ಪರ್ಶ ನೋಡುವ ನೈಲಾನ್ ಎಳೆಯಾದ ಮೊನೊಫಿಲಮೆಂಟ್‌ನಿಂದ ಪರೀಕ್ಷಿಸಿ: ಅಂಗೈಗೆ 2 ಗ್ರಾಂ, ಅಂಗಾಲಿಗೆ 10 ಗ್ರಾಂ. ತಿಳಿಯದಿದ್ದರೆ ಮೇಣ ಬೇಡ. ಸ್ಪ್ಲಿಂಟ್ ಹಾಕಿ 20 ನಿಮಿಷಕ್ಕೆ ಬಿಚ್ಚಿ, ಕೆಂಪು ಗುರುತು ಉಳಿದಿದೆಯೇ ನೋಡಿ. 'ಒತ್ತುತ್ತಿದೆ' ಎಂದು ಈ ರೋಗಿ ಹೇಳಲಾರರು. ಶಕ್ತಿ ಅಥವಾ ಸ್ಪರ್ಶ ಇತ್ತೀಚೆಗೆ, 6 ತಿಂಗಳೊಳಗೆ, ಕಡಿಮೆಯಾದದ್ದು ಕಂಡರೆ ಅಂದೇ ವೈದ್ಯರ ಬಳಿ ಕಳಿಸಿ. ಆ ಅವಧಿಯಲ್ಲಿ ಪ್ರೆಡ್ನಿಸೊಲೋನ್ ಶುರುವಾದರೆ ನರ ಚೇತರಿಸಿಕೊಳ್ಳುವ ಅವಕಾಶ ಇರುತ್ತದೆ.