ಭೂರಸಾಯನದಲ್ಲಿ ಪಿಎಚ್‌ಡಿ ಮಾಡುತ್ತಾ ಮಕ್ಕಳಿಗೂ ಹೇಳಿಕೊಡಬಹುದಾ?

ನೀವು ಕೇಳಿದ್ದು ಎರಡು. ಕೆಮಿಸ್ಟ್ರಿ ಓದಿದವರು ಪರಿಸರ ಭೂರಸಾಯನಕ್ಕೆ, ಅಂದರೆ ಕಲ್ಲು, ಮಣ್ಣು, ನೀರಿನ ಕೆಮಿಸ್ಟ್ರಿಗೆ, ಬರಬಹುದಾ? ಬಂದ ಮೇಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದನ್ನು ಬಿಡಬೇಕಾ?

ಮೊದಲನೆಯದಕ್ಕೆ, ಧಾರಾಳವಾಗಿ ಬನ್ನಿ. ನಾನೂ ಹಾಗೇ ಬಂದವಳು. ಕಲ್ಲು, ಖನಿಜದ ಪರಿಚಯ ನಿಧಾನವಾಗಿ ಆಗುತ್ತದೆ. ರೆಡಾಕ್ಸ್ (ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ರಾಸಾಯನಿಕ ಕ್ರಿಯೆ) ಗೊತ್ತಿಲ್ಲದೆ ಬಂದವರಿಗೇ ಕಷ್ಟ ಜಾಸ್ತಿ.

ಎರಡನೆಯದಕ್ಕೆ ಸ್ವಲ್ಪ ವಿವರ ಬೇಕು. ನನ್ನ ಕೆಲಸ ಅಂತರ್ಜಲದಲ್ಲಿ ಸೇರುವ ಆರ್ಸೆನಿಕ್ ಎಂಬ ವಿಷದ ಮೇಲೆ. ಪಿಎಚ್, ಉಷ್ಣತೆ, ಕರಗಿದ ಆಮ್ಲಜನಕವನ್ನು ಕೊಳವೆಬಾವಿಯ ಹತ್ತಿರವೇ ಅಳೆಯಬೇಕು, ಲ್ಯಾಬ್ ಮುಟ್ಟುವಷ್ಟರಲ್ಲಿ ಅವು ಬದಲಾಗಿರುತ್ತವೆ. ಆಮೇಲೆ ನೀರನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸುತ್ತೇವೆ. ಆಮ್ಲ ಹಾಕದೆ ಬಿಟ್ಟರೆ ನೀರಿನಲ್ಲಿರುವ ಕಬ್ಬಿಣ ಗಾಳಿ ತಾಗಿ ತುಕ್ಕಾಗಿ ತಳದಲ್ಲಿ ಕೂರುತ್ತದೆ. ಕೂರುವಾಗ ಆರ್ಸೆನಿಕ್ಕನ್ನೂ ಹಿಡಿದುಕೊಳ್ಳುತ್ತದೆ. ಆಗ ಐಸಿಪಿ-ಎಂಎಸ್ (ನೀರಿನಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯುವ ಲ್ಯಾಬ್ ಯಂತ್ರ) ಕಡಿಮೆ ಅಂಕಿ ತೋರಿಸುತ್ತದೆ, ಕೆಟ್ಟ ನೀರು ಒಳ್ಳೆಯದು ಅನ್ನಿಸಿಕೊಳ್ಳುತ್ತದೆ.

ನನ್ನ ಜೊತೆ ಬರುವ ಹೈಸ್ಕೂಲ್ ಮಕ್ಕಳು ಒಮ್ಮೆ ಕೇಳಿದರು: "ಬಾಟಲಿಯಲ್ಲಿಟ್ಟ ನೀರು ಸಂಜೆಗೆ ಯಾಕೆ ಕೆಂಪಾಗುತ್ತೆ?" ನನ್ನ ಥೀಸಿಸ್‌ನ ಅರ್ಧ ಈ ಪ್ರಶ್ನೆಯಲ್ಲೇ ಇದೆ. ನೆಲದೊಳಗೆ ನಡೆಯುವುದು ಇದರ ಉಲ್ಟಾ. ಆಮ್ಲಜನಕ ಇಲ್ಲದ ಕಡೆ ಸೂಕ್ಷ್ಮಜೀವಿಗಳು ಮಣ್ಣಿನ ಆ ತುಕ್ಕನ್ನೇ ಬಳಸಿ ಉಸಿರಾಡುತ್ತವೆ. ತುಕ್ಕು ಕರಗುತ್ತದೆ, ಅದಕ್ಕೆ ಅಂಟಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ. ಬಂಗಾಳದ ಮುಖಜಭೂಮಿಯಲ್ಲಿ ಲಕ್ಷಾಂತರ ಕೊಳವೆಬಾವಿಗಳು ಕೆಟ್ಟಿದ್ದಕ್ಕೆ ಮುಖ್ಯ ಕಾರಣ ಇದೇ. ಇದನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಲು ಹೋಗಿ ನನ್ನ ಅಧ್ಯಾಯವೊಂದರ ಗೋಜಲೂ ಬಿಡಿಸಿಕೊಂಡಿತು. ಹಾಗಾಗಿ ಪಾಠ ಬೇರೆ, ಸಂಶೋಧನೆ ಬೇರೆ ಅಂತ ನನಗೆ ಅನ್ನಿಸುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಆರ್ಸೆನಿಕ್ ಇದ್ದರೆ ಬಣ್ಣ ಬದಲಾಯಿಸುವ ಪರೀಕ್ಷಾ ಕಿಟ್ ಮಕ್ಕಳ ಕೈಗೆ ಕೊಟ್ಟು, ಯಾರ ಮನೆ ನೀರು ಕುಡಿಯಬಹುದು ಅಂತ ಅವರ ಬಾಯಲ್ಲಿ ಹೇಳಿಸಬಾರದು. ಫಲಿತಾಂಶವನ್ನು ಬಾವಿಯವರಿಗೇ ಮೊದಲು, ನಾವೇ ಹೇಳಬೇಕು. ಹತ್ತಿರದಲ್ಲಿ ಬೇರೆ ನೀರು ಎಲ್ಲಿದೆ ಅಂತಲೂ ಹೇಳಬೇಕು. "ಕುದಿಸಿದರೆ ಸಾಕಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ನೀರು ಆವಿಯಾಗಿ ಹೋಗುತ್ತದೆ, ಆರ್ಸೆನಿಕ್ ಉಳಿಯುತ್ತದೆ, ಪ್ರಮಾಣ ಇನ್ನೂ ಏರುತ್ತದೆ. ಇನ್ನು ಮಿತಿಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಲೀಟರಿಗೆ 10 ಮೈಕ್ರೋಗ್ರಾಂ, ಬಾಂಗ್ಲಾದೇಶದ ಮಿತಿ 50. ಅಲ್ಲಿ ಪರೀಕ್ಷೆ ಮಾಡಿ ಕೆಟ್ಟ ಬಾವಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಹಾಗಾದರೆ 30 ಇರುವ ಬಾವಿಗೆ ಯಾವ ಬಣ್ಣ? ಮಕ್ಕಳ ಮುಂದೆ ಇದನ್ನಿಟ್ಟು ನೋಡಿ, ಚರ್ಚೆ ಮುಗಿಯುವುದೇ ಇಲ್ಲ!

ಸಮಯದ ಬಗ್ಗೆ ಸುಳ್ಳು ಹೇಳಲಾರೆ. ಮಕ್ಕಳಿಗೆ ಹೇಳಿಕೊಟ್ಟಿದ್ದರಿಂದ ಸಂಶೋಧನಾ ಪೇಪರ್ ಹುಟ್ಟುವುದಿಲ್ಲ. ಲ್ಯಾಬ್ ಯಂತ್ರ ಬಳಸುವ ನನ್ನ ಸರದಿ ಬಂದ ವಾರ ಉಳಿದದ್ದೆಲ್ಲ ನಿಲ್ಲುತ್ತದೆ. ಒಂದು ದಿನದ ದೊಡ್ಡ ಶಿಬಿರಗಳನ್ನು ನಾನು ಮಾಡುವುದಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ. ಕೆಲವೇ ಮಕ್ಕಳನ್ನು ವರ್ಷಪೂರ್ತಿ ಜೊತೆಗಿಟ್ಟುಕೊಳ್ಳುವುದು ವಾಸಿ.

ಗೈಡ್ ಒಪ್ಪುತ್ತಾರಾ ಅಂತ ಅವರನ್ನೇ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಸೇರುವ ಮೊದಲು ಅವರ ಈಗಿನ ವಿದ್ಯಾರ್ಥಿಗಳ ಹತ್ತಿರ ಮಾತಾಡಿ. ಫೀಲ್ಡ್‌ಗೆ ಹೋದವರು ಫಲಿತಾಂಶ ಹೇಳಲು ಅದೇ ಊರಿಗೆ ಮತ್ತೆ ಹೋಗಿದ್ದರಾ, ಹೋಗಲು ಪ್ರಾಜೆಕ್ಟ್‌ನಲ್ಲಿ ಹಣ ಇತ್ತಾ ಅಂತ ಕೇಳಿ.